ಮಿಕ್ಸರಿಗೆ ಬಿದ್ದ ಅಕ್ಷತೆ

ನಮ್ಮ ಕನ್ನಡ ನಾಟಕ ತಂಡದ ಸ್ವಂತ ಆಸ್ತಿಯೆಂದರೆ ಒಂದು ಸೌಂಡ್ ಮಿಕ್ಸರ್. ಪ್ರದರ್ಶನ ಮುಗಿದ ಮೇಲೆ ಅದನ್ನು ಥಿಯೇಟರಿನಲ್ಲಿ ಬಿಡುವಂತಿಲ್ಲ. ಪೆಟ್ಟಿಗೆಗೆ ಹಾಕಿ, ಟೆಂಪೊದಲ್ಲಿ ಥಾಣೆಯ ವರ್ತಕ ನಗರದ ನಮ್ಮ ಮನೆಗೆ ತಂದು ಮಂಚದಡಿ ಇಡುವುದು ನನ್ನ ಕೆಲಸ. ಎತ್ತುವವರ ಮೇಲೆ ದಾರಿಯುದ್ದಕ್ಕೂ ರೇಗುತ್ತೇನೆ. ಓರೆ ಮಾಡಬೇಡಿ, ಮೇಲೆ ಏನೂ ಇಡಬೇಡಿ, ಹತ್ತಿರ ಚಹಾ ತರಬೇಡಿ.

ಹೊರಗೆ ಅಷ್ಟು ಕಾಪಾಡಿದ್ದು ಮನೆಯೊಳಗೆ ಕೆಟ್ಟಿತು. ಆಯುಧಪೂಜೆ ಕಳೆದ ಮೇಲೆ ಥಾಣೆಯ ಥಿಯೇಟರಿನಲ್ಲಿ ತಾಲೀಮು ಇತ್ತು. ನಾಯಕಿಯ ಮೈಕಿನ ದನಿ ಏರಿಸಲು ಗುಂಡಿಯನ್ನು ಮೇಲಕ್ಕೆ ಸರಿಸಿದರೆ ಅದು ಅರ್ಧದಲ್ಲೇ ನಿಂತಿತು. ಮಿಕ್ಸರನ್ನು ಬೋರಲು ಹಾಕಿ ತಟ್ಟಿದೆ. ಗುಂಡಿ ಸರಿಯುವ ಸಂದಿನಿಂದ ಅರಿಶಿನ ಹಚ್ಚಿದ ಅಕ್ಕಿಕಾಳುಗಳು ಉದುರಿದವು.

ಮನೆಗೆ ಬಂದು ಅಮ್ಮನ ಮೇಲೆ ಹಾರಾಡಿದೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಲೇ ಹೇಳಿದಳು: "ಪೂಜೆಯ ದಿನ ಮನೆಯಲ್ಲಿದ್ದ ಮಿಶೀನನ್ನು ಹಾಗೇ ಬಿಡ್ಲಿಕ್ಕೆ ಆಗ್ತದಾ? ನಿನ್ನ ಸ್ಕೂಟರಿಗೂ ಹಾಕಿದ್ದೇನೆ ಮಾರಾಯ, ಅದು ಓಡುದಿಲ್ವಾ?"

ಮುಂದಿನ ವರ್ಷ ಹಬ್ಬಕ್ಕೆ ಮುಂಚೆಯೇ ಪೆಟ್ಟಿಗೆಗೆ ಬೀಗ ಜಡಿದೆ. "ಪೂಜೆ ಬೇಕಾದ್ರೆ ಪೆಟ್ಟಿಗೆಗೇ ಮಾಡು," ಎಂದೆ. "ಆಯ್ತು," ಎಂದಳು. ಜಗಳವೇ ಆಗಲಿಲ್ಲ.

ಹಬ್ಬದ ನಂತರ ನವಿ ಮುಂಬೈಯಲ್ಲಿ ಪ್ರದರ್ಶನ. ರಂಗದ ಪಕ್ಕದಲ್ಲಿ ಪೆಟ್ಟಿಗೆ ಇಳಿಸಿ, ಎತ್ತಿದವರಿಗೆಲ್ಲ ಮತ್ತೊಮ್ಮೆ ಬೈದು, ಬೀಗ ತೆಗೆಯಲು ಕೀಲಿಕೈ ಹಾಕಿದೆ. ಅದು ಒಳಗೆ ಹೋಗಲಿಲ್ಲ. ಬಗ್ಗಿ ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಬೀಗದ ತೂತಿನಲ್ಲಿ ಹಳದಿ ಅಕ್ಕಿಕಾಳೊಂದು ನೆಮ್ಮದಿಯಾಗಿ ಕೂತಿತ್ತು.