ಒಂದೇ ಸ್ವರದ ಅಕ್ಕೋರು

ಅವರ ಕುತ್ತಿಗೆಯ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ತೂತಿತ್ತು. ಅದರ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು; ಉಸಿರಾಡಿದಾಗಲೆಲ್ಲ ಬಟ್ಟೆ ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿತ್ತು. ಮಾತಾಡಬೇಕೆಂದರೆ ಟಾರ್ಚಿನಂಥ ಪುಟ್ಟ ಯಂತ್ರವನ್ನು ದವಡೆಯ ಕೆಳಗೆ ಒತ್ತಿ ಗುಂಡಿ ಅದುಮಬೇಕು. ಯಂತ್ರ ಗುಂಯ್‌ಗುಡುತ್ತದೆ, ಬಾಯಿ ಆ ಸದ್ದನ್ನು ಮಾತಾಗಿಸುತ್ತದೆ. ಇಸಳೂರಿನ ಹೊಸ ಮನೆಯೊಂದರ ಮಹಡಿಯಲ್ಲಿ ಹಿಂದೂಸ್ತಾನಿ ಗಾಯನ ಕಲಿಸುತ್ತಿದ್ದ ನಮ್ಮ ಸಂಗೀತದ ಅಕ್ಕೋರಿಗೆ ಕೊನೆಗೆ ಉಳಿದ ಧ್ವನಿ ಅದು.

ನಾನು ಪತ್ರಿಕೆಯ ವರದಿಗಾರ. ಅದಕ್ಕೂ ಮುಂಚೆ, ಕಾಲೇಜಿನ ದಿನಗಳಲ್ಲಿ, ಅವರ ವಿದ್ಯಾರ್ಥಿ. ಷಡ್ಜದಲ್ಲಿ ನಿಲ್ಲಲಾರದೆ ಮುಂದಿನ ಸ್ವರಕ್ಕೆ ಹಾರುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ಎಂತ, ಬಸ್ಸು ತಪ್ಪೋಗ್ತ ನಿಂಗೆ?” ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಗಂಟಲಿನ ಕ್ಯಾನ್ಸರ್. ಹುಬ್ಬಳ್ಳಿಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕಲಿಯುತ್ತಿದ್ದ ಮಕ್ಕಳನ್ನು ಅವರೇ ಬೇರೆ ಗುರುಗಳ ಬಳಿ ಕಳಿಸಿದರು. ಕೆಲವು ತಿಂಗಳ ಮೇಲೆ ನೋಡಲು ಹೋದಾಗ ಕೋಣೆಯಿಂದ ಸಾಮಿಲ್ಲಿನಂಥ ಸದ್ದು ಬರುತ್ತಿತ್ತು. ಕೆಳಗಿನ ಮನೆಯಾಕೆ ಮೆಟ್ಟಿಲ ಬಳಿ ನಿಂತು, “ಅಕ್ಕೋರೆ, ಮಿಕ್ಸಿ ಕೆಟ್ಟೋತ?” ಎಂದು ಕೂಗಿ ಕೇಳಿದರು. ಅಕ್ಕೋರು ನಕ್ಕರು. ಆ ನಗುವಿಗೆ ಸದ್ದಿರಲಿಲ್ಲ, ಕುತ್ತಿಗೆಯ ಬಟ್ಟೆ ಮಾತ್ರ ಅಲುಗಿತು.

“ಇದ್ಕೆ ಇಪ್ಪದು ಒಂದೇ ಸ್ವರ” ಎಂದು ಯಂತ್ರ ತೋರಿಸಿದರು. ಎಲೆಕ್ಟ್ರಾನಿಕ್ ತಂಬೂರಿಯನ್ನು ಅವರು ಆ ಸ್ವರಕ್ಕೆ ಕೂಡಿಸಿರಲಿಲ್ಲ, ಬೇಕೆಂದೇ ಕೂದಲೆಳೆಯಷ್ಟು ಮೇಲಿಟ್ಟಿದ್ದರು. ಎರಡು ಸದ್ದುಗಳು ಉಜ್ಜಿಕೊಂಡು ಗಾಳಿಯೇ ಮಿಡಿಯುತ್ತಿತ್ತು. ಬಾಯಿಯನ್ನು ‘ಆ’ದಿಂದ ‘ಊ’ಗೆ ಮೆಲ್ಲನೆ ತಂದರೆ ಆ ಮಿಡಿತದ ಒಳಗಿನ ಪದರಗಳು ಬದಲಾಗುತ್ತಿದ್ದವು. ಮೈಕನ್ನು ಸ್ಪೀಕರಿನ ಹತ್ತಿರ ತಂದು ಊಳಿಡಿಸಿ, ಕೈಯಳತೆಯಲ್ಲೇ ಅದನ್ನು ಬೆಳೆಸಿ ಇಳಿಸುತ್ತಿದ್ದರು. ನನಗೆ ಹಲ್ಲು ಜುಮ್ಮೆಂದಿತು.

“ಇದು ಸಂಗೀತವಾ ಅಕ್ಕೋರೆ?”

“ಗೊತ್ತಿಲ್ಲೆ. ಹಾಡಂತೂ ಹೌದು.”

ಆ ವರ್ಷ ಯಲ್ಲಾಪುರದ ಸಂಗೀತಪ್ರಿಯರು ತಮ್ಮ ವಾರ್ಷಿಕ ಗಾಯನ ಬೈಠಕ್ಕಿನಲ್ಲಿ ಅವರನ್ನು ಸನ್ಮಾನಿಸಲು ಬಂದು ಕೇಳಿದರು. ನಾನು ಅಲ್ಲೇ ಇದ್ದೆ. “ಶಾಲು ಬ್ಯಾಡ. ಅರ್ಧ ತಾಸು ಕೊಡಿ, ಹಾಡ್ತೆ” ಎಂದರು. ಬಂದವರು ಮುಖ ಮುಖ ನೋಡಿಕೊಂಡು ಒಪ್ಪಿದರು. ಅವರು ಹೋದ ಮೇಲೆ ಅಕ್ಕೋರು ನನಗೆ ಹೇಳಿದ್ದು ಇಷ್ಟು: ಹಿಂದೆ ತಮ್ಮ ಹಾಡು ಕೇಳುತ್ತಿದ್ದ ಹಾಗೆಯೇ ಜನ ಇದನ್ನೂ ಒಂದು ಸಲ ಕೂತು ಕೇಳಬೇಕು, ಮೆಚ್ಚದಿದ್ದರೂ ಚಿಂತೆಯಿಲ್ಲ.

ನಮ್ಮ ಕಡೆಯ ಬೈಠಕ್ಕುಗಳಲ್ಲಿ ಒಂದು ರೂಢಿಯಿದೆ. ತಂಬೂರಿ ಕೂಡುವ ತನಕ ಸಭೆ ಹರಟುತ್ತದೆ. ಅದನ್ನು ಯಾರೂ ಅಗೌರವವೆಂದು ತಿಳಿಯುವುದಿಲ್ಲ. ಆಲಾಪ ಶುರುವಾದ ಮೇಲೆ ಮಾತ್ರ ಒಬ್ಬರೂ ಏಳುವುದಿಲ್ಲ. ಅಕ್ಕೋರು ಯಂತ್ರವನ್ನು ಗಂಟಲಿಗಿಟ್ಟು ಶುರು ಮಾಡಿದರು. ಸಭೆ ಹರಟುತ್ತಲೇ ಇತ್ತು.

“ಇನ್ನೂ ಶ್ರುತಿ ಸೇರಸದೇ ಮುಗದ್ದಿಲ್ಲೆ” ಎಂದರು ನನ್ನ ಹಿಂದೆ ಒಬ್ಬರು.

“ಪಾಪ, ಅವ್ರ ಗಂಟ್ಲು ಹೋಜು. ಯಾರೋ ಶಿಷ್ಯರು ಹಾಡ್ತ್ವೇನ. ಚಾ ಕುಡ್ಕಂಡು ಬಪ್ಪನ ಬಾ” ಎಂದರು ಪಕ್ಕದವರು.

ಯಾರೂ ಅಣಕಿಸಲಿಲ್ಲ. ಎಲ್ಲರೂ ಹಾಡು ಶುರುವಾಗಲೆಂದು ಕಾಯುತ್ತಿದ್ದರು, ಅಷ್ಟೆ.

ಮೈಕಿನ ಊಳು ಏರತೊಡಗಿತು. ಮುಂಡಗೋಡ ಕಡೆಯಿಂದ ಬಂದಿದ್ದ ಮೈಕ್ ಸೆಟ್ಟಿನವನು ಗಾಬರಿಯಾಗಿ ಬಗ್ಗಿಕೊಂಡೇ ವೇದಿಕೆಗೆ ಓಡಿದ. “ಸ್ವಲ್ಪ ತಡೀರಿ ಅಕ್ಕೋರೆ. ಗುಂಯ್ ಅನ್ನಾಕತ್ತೈತಿ, ಈಗ ಬಂದ್ ಮಾಡ್ತೀನಿ” ಎಂದು ಎರಡು ವೈರು ಕಿತ್ತ. ಸದ್ದು ನಿಂತಿತು. ಮುಂದಿನ ಸಾಲಿನವರು ಅವನಿಗೆ ಚಪ್ಪಾಳೆ ತಟ್ಟಿದರು. ಹೊರಗಿದ್ದವರು ಒಳಗೆ ಬಂದರು, ಲೋಟಗಳನ್ನು ಕೆಳಗಿಟ್ಟು ಎಲ್ಲರೂ ನೆಟ್ಟಗೆ ಕೂತರು. ಸಭೆ ಪೂರ್ತಿ ನಿಶ್ಶಬ್ದವಾಯಿತು.

ಅಕ್ಕೋರು ಆ ನಿಶ್ಶಬ್ದವನ್ನು ಸ್ವಲ್ಪ ಹೊತ್ತು ನೋಡಿದರು. ಮತ್ತೆ ಯಂತ್ರ ಎತ್ತಿದರು.

“ಹಾಡಿ ಆತು” ಎಂದು ಕೈಮುಗಿದರು.

ಏನು ಮಾಡಬೇಕೆಂದು ತಿಳಿಯದ ಸಂಘಟಕರು ಶಾಲು ತಂದು ಹೊದಿಸಿದರು.

ವಾಪಸು ಬರುವಾಗ ಮಂಚಿಕೇರಿ ದಾಟಿದ ಮೇಲೆ ಕಾರಿನಲ್ಲಿ ಅವರು ಯಂತ್ರ ಒತ್ತಿ, “ಅವ್ರದ್ದು ತಪ್ಪಿಲ್ಲೆ. ಎಲ್ಲಿ ಸುರುವಾತು ಹೇಳಿ ಆನೇ ಹೇಳಿದ್ನಿಲ್ಲೆ” ಎಂದರು.

ಅಂದಿನಿಂದ ಭಾನುವಾರ ಮಧ್ಯಾಹ್ನ ನಾನು ಇಸಳೂರಿಗೆ ಹೋಗಿ ಕೇಳತೊಡಗಿದೆ. ಮೊದಮೊದಲು ತಲೆನೋವು ಬರುತ್ತಿತ್ತು. ಅದು ಕೊನೆಯವರೆಗೂ ಹಿತವಾಗಲಿಲ್ಲ. ಹಿತವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಒಂದು ಮಧ್ಯಾಹ್ನ ಅವರು ತಂಬೂರಿಯ ಸ್ವರವನ್ನು ಎಳೆಎಳೆಯಾಗಿ ಇಳಿಸಿದಂತೆ ಆ ಮಿಡಿತ ನಿಧಾನವಾಗುತ್ತಾ ಹೋಗಿ, ಎರಡು ಸದ್ದುಗಳು ಇನ್ನೇನು ಒಂದಾಗಬೇಕು ಅನ್ನುವಲ್ಲಿ ಅಕ್ಕೋರು ಅವನ್ನು ಹಾಗೇ ಹಿಡಿದು ನಿಲ್ಲಿಸಿದರು. ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಅವರು ಕಣ್ಣು ಮುಚ್ಚಿಕೊಂಡಿದ್ದರು. ಮೊದಲು ಹಾಡುವಾಗ ಇರುತ್ತಿದ್ದ ಮುಖವೇ ಅದು.

ಕಾಯಿಲೆ ತಿರುಗಿ ಬಂತು. ಕೈ ಸೋತಾಗ ಯಂತ್ರವನ್ನು ಅವರ ದವಡೆಯ ಕೆಳಗೆ ನಾನು ಹಿಡಿದುಕೊಳ್ಳುತ್ತಿದ್ದೆ. ನನ್ನ ಕೈ ಜಾರಿದರೆ ಕಣ್ಣಲ್ಲೇ ಬೈಯುತ್ತಿದ್ದರು.

ಅವರು ತೀರಿಕೊಂಡ ಸುದ್ದಿ ಬರೆದವನೂ ನಾನೇ. ಮರುದಿನ ಅಚ್ಚಾದದ್ದರಲ್ಲಿ ನಾನು ಬರೆಯದ ಒಂದು ವಾಕ್ಯವಿತ್ತು: ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವರು ಹಾಡುವುದನ್ನು ನಿಲ್ಲಿಸಿದ್ದರು. ಓದುಗರಿಗೆ ಸ್ಪಷ್ಟವಾಗಲೆಂದು ಸುದ್ದಿ ತಿದ್ದುವ ಡೆಸ್ಕಿನವರು ಸೇರಿಸಿದ್ದು. ತಿದ್ದುಪಡಿ ಹಾಕಿ ಎಂದು ಫೋನ್ ಮಾಡಿದೆ. “ಗಂಟಲೇ ಇಲ್ಲದವರು ಹಾಡಿದ್ರು ಅಂತ ಹೇಗ್ರೀ ಹಾಕೋದು?” ಎಂದರು.

ಹೆಸರು, ವಯಸ್ಸು, ಊರು ಎಲ್ಲ ಸರಿಯಿದ್ದವು. ಆ ಒಂದು ವಾಕ್ಯ ತಪ್ಪು. ತೀರಿಕೊಳ್ಳುವ ಹಿಂದಿನ ಭಾನುವಾರವೂ ಅವರು ಹಾಡಿದ್ದಾರೆ. ನಾನು ಪೂರ್ತಿ ಕೇಳಿದ್ದೇನೆ.