ಪ್ಲಾಸ್ಟರ್ ಕೋಣೆಯ ಹಿಟ್ಟಿನ ತಾತ

ನಮ್ಮೂರ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮೂವತ್ತು ವರ್ಷದಿಂದ ಮಕ್ಕಳ ಕೈಕಾಲಿಗೆ ಪಟ್ಟಿ ಸುತ್ತುತ್ತಿರುವ ಒಬ್ಬರಿದ್ದಾರೆ. ಮೂಳೆ ಕೂಡಿಸುವುದು ಡಾಕ್ಟರು, ಕೂಡಿಸಿದ್ದು ಕದಲದಂತೆ ಕಾಯುವುದು ಇವರು. ಹುಬ್ಬಿನ ಮೇಲೆ ಸದಾ ಬಿಳಿ ಪುಡಿ, ಅದಕ್ಕೇ ಮಕ್ಕಳು ‘ಹಿಟ್ಟಿನ ತಾತ’ ಎನ್ನುತ್ತಾರೆ. ಎಡಗಾಲು ತುಸು ಎಳೆದು ನಡೆಯುತ್ತಾರೆ. ಚಿಕ್ಕಂದಿನಲ್ಲಿ ಮುರಿದದ್ದು ಸೊಟ್ಟಗೆ ಕೂಡಿತಂತೆ.

ನಾನು ವೆಲ್ಡಿಂಗ್ ಕೆಲಸದವನು, ಕೋಪ ಮೂಗಿನ ತುದಿಯಲ್ಲೇ. ನನ್ನ ಹನ್ನೊಂದು ವರ್ಷದ ಮಗಳು ಸೈಕಲ್ಲಿನಿಂದ ಬಿದ್ದು ಮೊಣಕಾಲ ಕೆಳಗೆ ಮೂಳೆ ಮುರಿದುಕೊಂಡಾಗ ಅವರ ಪರಿಚಯವಾಯಿತು. ಪಟ್ಟಿ ಸುತ್ತುತ್ತಲೇ ಅವಳನ್ನು ಮಾತಿಗೆಳೆದರು.

“ಸೈಕಲ್ ನಿನ್ನ ಮೇಲೆ ಬಿತ್ತೋ, ನೀನು ಸೈಕಲ್ ಮೇಲೆ ಬಿದ್ದೆಯೋ?”

“ಇಬ್ರೂ ಚರಂಡಿಗೆ ಬಿದ್ವಿ ತಾತಾ.”

ಹೊರಡುವಾಗ ನನಗೆ ಹೇಳಿದರು: “ಕಾಲು ದಿಂಬಿನ ಮೇಲೆ ಎತ್ತರಕ್ಕಿರಲಿ ತಮ್ಮಾ. ಬೆರಳು ಮುಚ್ಚಬೇಡ, ಆಗಾಗ ನೋಡ್ತಿರು. ನೋವು ಜಾಸ್ತಿಯಾದ್ರೆ ತಕ್ಷಣ ಕರ್ಕೊಂಡು ಬಾ.”

ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಮಗುವಿಗೆ ಚಳಿಯಾದೀತೆಂದು ನನ್ನ ಉಣ್ಣೆಯ ಕಾಲುಚೀಲವನ್ನು ಬೆರಳೂ ಮುಚ್ಚುವಂತೆ ಪ್ಲಾಸ್ಟರಿನ ಮೇಲೆ ತೊಡಿಸಿದೆ. ಮರುದಿನ ಬೆಳಿಗ್ಗೆ ಅವಳು ಅಳತೊಡಗಿದಳು. “ಮುರಿದ ಕಾಲು ನೋಯದೆ ನಗುತ್ತಾ? ತಡ್ಕೋ!” ಎಂದು ಗದರಿದೆ. ಹೆಂಡತಿ ಒಪ್ಪಲಿಲ್ಲ. “ನೀವು ಬರದಿದ್ರೆ ಬಿಡಿ, ನಾನೇ ಹೊತ್ಕೊಂಡು ಹೋಗ್ತೀನಿ” ಎಂದು ಎದ್ದಳು. ಗೊಣಗುತ್ತಲೇ ಜೊತೆಗೆ ಹೋದೆ.

ತಾತ ಕಾಲುಚೀಲ ಎಳೆದು ತೆಗೆದರು. ಬೆರಳುಗಳು ಊದಿ ನೀಲಿಗಟ್ಟಿದ್ದವು.

“ಆಡಿಸು ಪುಟ್ಟೀ.”

ಆಡಲಿಲ್ಲ. ಡಾಕ್ಟರು ಓಡಿಬಂದು ನೋಡಿದರು. “ಒಳಗೆ ಊತ ಬಂದಿದೆ, ರಕ್ತ ಓಡ್ತಿಲ್ಲ. ಪ್ಲಾಸ್ಟರ್ ಈಗಲೇ ಸೀಳಿ.”

ತಾತ ಪ್ಲಾಸ್ಟರ್ ಸೀಳುವ ಕರೆಂಟಿನ ಗರಗಸ ಎತ್ತಿದ ಕೂಡಲೇ ನನಗೆ ರೇಗಿತು. “ನಿನ್ನೆ ನೀವೇ ಬಿಗಿದು ಇವತ್ತು ಕತ್ತರಿಸೋದಾ? ಕೆಲಸ ಕಲಿಯೋಕೆ ನನ್ನ ಮಗಳ ಕಾಲೇ ಸಿಕ್ತಾ?”

“ಆಮೇಲೆ ಬೈಯಿ ತಮ್ಮಾ, ನಾನೆಲ್ಲೂ ಓಡಿಹೋಗಲ್ಲ. ತಡ ಮಾಡಿದ್ರೆ ಕಾಲು ಹೋದೀತು. ಹಿಮ್ಮಡಿ ಹಿಡ್ಕೋ.”

ಹಿಡಿದೆ. ಗರಗಸವನ್ನು ಮೊದಲು ತಮ್ಮ ಅಂಗೈಗೆ ಒತ್ತಿ, ಅದು ಬರೀ ಅದುರುತ್ತದೆ, ಚರ್ಮ ಕೊಯ್ಯುವುದಿಲ್ಲವೆಂದು ಮಗಳಿಗೆ ತೋರಿಸಿದರು. ಆಮೇಲೆ ಉದ್ದಕ್ಕೂ ಸೀಳಿ, ಒಳಗಿನ ಹತ್ತಿಯನ್ನೂ ಕತ್ತರಿಸಿ ಸಡಿಲಿಸಿದರು. ರಕ್ತ ಮರಳುತ್ತದೆಯೇ ನೋಡಲು ಅವಳ ಕಾಲ ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟರು. ಬಿಳಿಚಿದ್ದು ಹಾಗೇ ಉಳಿಯಿತು. ಕಾದು ಮತ್ತೆ ಒತ್ತಿದರು. ನಾಲ್ಕನೆಯ ಸಲಕ್ಕೆ ಕೆಂಪು ಮೆಲ್ಲಗೆ ಮರಳಿತು, ಬೆರಳು ಕದಲಿತು.

“ಸಂಜೆವರೆಗೆ ಬಿಟ್ಟಿದ್ರೆ ಕಷ್ಟವಿತ್ತು” ಎಂದರು ಡಾಕ್ಟರು.

“ಕಾಲುಚೀಲ ಹಾಕಿದ್ದು ನಾನೇ” ಎಂದೆ.

“ಗೊತ್ತು. ಮಕ್ಕಳ ಮೇಲೆ ಜೀವ ಇಟ್ಕೊಂಡಿರೋ ಅಪ್ಪಂದಿರೇ ಹಾಕೋದು” ಎಂದರು ತಾತ. “ಈಗ ಹಿಮ್ಮಡಿ ಕದಲಿಸ್ಬೇಡ, ಕೂಡಿಸಿದ ಮೂಳೆ ಜರುಗೀತು.”

ಉಸಿರು ಬಿಗಿಹಿಡಿದು ನಿಂತೆ.