ನಿಶಿ ಕಸಾಯಿಯಲ್ಲಿ ಎತ್ತಿಕೊಂಡು ಹೋದ ಸೈಕಲ್

ಆ ಶನಿವಾರ ನಾನು ಹೊರಟಿದ್ದು ಅಕ್ಕಿ, ಕರಿಬೇವು ತರಲಿಕ್ಕೆ. ಜಪಾನಿನ ಈ ನಿಶಿ ಕಸಾಯಿಯಲ್ಲಿ, ರೈಲ್ವೆ ಸ್ಟೇಷನ್ ಹತ್ತಿರದ ಭಾರತೀಯ ಅಂಗಡಿಗೆ ಕರಿಬೇವು ಬಂದಿದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಿದ್ದರೆ ಮಧ್ಯಾಹ್ನದೊಳಗೆ ಖಾಲಿ. ಕಿಂಡರ್‌ಗಾರ್ಟನ್‌ಗೆ ಹೋಗುವ ಮಗಳನ್ನು ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಜೋರಾಗಿ ತುಳಿದೆ. ಸೈಕಲ್ ಸ್ಟ್ಯಾಂಡ್ ಭರ್ತಿಯಾಗಿತ್ತು. ಫುಟ್‌ಪಾತಿನ ಮೇಲೆಯೇ ನಿಲ್ಲಿಸಿದೆ.

"ಅಮ್ಮ, ಇಲ್ಲಿ ದಮೆ," ಎಂದಳು ಮಗಳು. ಕೂಡದು ಎನ್ನಲು ಅವಳ ಬಾಯಿಗೆ ಮೊದಲು ಬರುವುದು ಜಪಾನಿಯೇ.

"ಎರಡೇ ನಿಮಿಷ ಕಣೇ, ಬಾ."

ಅಂಗಡಿಯಲ್ಲಿ ಪರಿಚಯದವರು ಸಿಕ್ಕರು, ಮಾತು ಬೆಳೆಯಿತು. ಹೊರಗೆ ಬಂದರೆ ಸೈಕಲ್ ಇಲ್ಲ. ಅದಿದ್ದ ಜಾಗದಲ್ಲಿ ನೆಲಕ್ಕೆ ಒಂದು ಕಾಗದ ಅಂಟಿಸಿದ್ದರು. ಫೋನು ಹಿಡಿದು ಅನುವಾದಿಸಿದರೆ, ನಗರಸಭೆಯವರು ಎತ್ತಿಕೊಂಡು ಹೋಗಿದ್ದಾರೆ, ಅವರ ಸೈಕಲ್ ಡಿಪೋಗೆ ಬಸ್ ಹಿಡಿದು ಹೋಗಿ ಬಿಡಿಸಿಕೊಳ್ಳಬೇಕು.

"ಐ ಟೋಲ್ಡ್ ಯು," ಎಂದಳು ಮಗಳು.

ಅಕ್ಕಿಯ ಚೀಲ ಹೆಗಲ ಮೇಲೆ ಹೊತ್ತು ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಜಗಳ ಸಿದ್ಧಮಾಡಿಕೊಂಡೆ. ಅಲ್ಲಿ ಒಂದು ಬೋರ್ಡಾದರೂ ಇತ್ತೇ? ಸ್ಟ್ಯಾಂಡಿನಲ್ಲಿ ಜಾಗವಿಲ್ಲದಿದ್ದರೆ ತಲೆಯ ಮೇಲೆ ನಿಲ್ಲಿಸಿಕೊಳ್ಳಬೇಕೇ? ಫ್ಲೈಓವರಿನ ಕೆಳಗೆ ಬೇಲಿ ಹಾಕಿದ ಜಾಗ, ಸಾಲು ಸಾಲು ಸೈಕಲ್ಲು. ಟೋಪಿ ಹಾಕಿದ್ದ ವಯಸ್ಸಾದವರೊಬ್ಬರು ಎದ್ದು ಬಂದು, ತಪ್ಪು ತಾವೇ ಮಾಡಿದವರಂತೆ ಬಾಗಿ "ಸುಮಿಮಾಸೆನ್", ಕ್ಷಮಿಸಿ, ಎಂದರು. ಫೋನಿನ ಮೂಲಕ ನನ್ನ ಸಿಟ್ಟನ್ನೆಲ್ಲ ಅನುವಾದಿಸಿ ಕೇಳಿಸಿದೆ. ಪೂರ್ತಿ ಕೇಳಿಸಿಕೊಂಡು ಇನ್ನೂ ಆಳವಾಗಿ ಬಾಗಿದರು. ಇಂಥವರ ಹತ್ತಿರ ಏನೆಂದು ಜಗಳವಾಡುವುದು?

ಸೈಕಲ್ ಸಿಕ್ಕಿತು. ಆದರೆ ಅದರ ನೋಂದಣಿ ಬೇರೊಬ್ಬರ ಹೆಸರಲ್ಲಿತ್ತು. ಪಕ್ಕದ ಮನೆಯಲ್ಲಿದ್ದ ಗೆಳತಿ ಬೆಂಗಳೂರಿಗೆ ವಾಪಸ್ಸು ಹೋಗುವಾಗ ಕೊಟ್ಟದ್ದು. ಹೆಸರು ಬದಲಾಯಿಸಬೇಕೆಂದು ನನಗೂ ಹೊಳೆದಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಬೀಗದ ಕೈ ತೋರಿಸಿದೆ. ಅವರು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು ತಲೆ ವಾರೆ ಮಾಡಿದರು. ಈ ದೇಶದಲ್ಲಿ ಹಾಗೆ ಮಾಡಿದರೆ, "ಆಗುವುದಿಲ್ಲ" ಎಂದು ಅರ್ಥ.

ಗೆಳತಿಗೆ ವಿಡಿಯೋ ಕಾಲ್ ಮಾಡಿದೆ. ಕಾರಿನ ಹಿಂದಿನ ಸೀಟಿನಲ್ಲಿದ್ದಳು. ಸುತ್ತ ಬೆಂಗಳೂರಿನ ಹಾರ್ನುಗಳು.

"ಏನೇ, ಇಷ್ಟೊತ್ತಲ್ಲಿ?"

"ನಿನ್ ಸೈಕಲ್ ಎತ್ಕೊಂಡ್ ಹೋಗಿದಾರೆ ಮಾರಾಯ್ತಿ! ಈ ಅಜ್ಜ ನನ್ನ ಕಳ್ಳಿ ಅನ್ಕೊಂಡ್ರೋ ಏನೋ. ನೀನೇ ಒಂದ್ಸಲ ಹೇಳು."

ಅವಳು ನಕ್ಕು ನಕ್ಕು ಸುಸ್ತಾದಳು. ಆಮೇಲೆ ತುಕ್ಕು ಹಿಡಿದ ಜಪಾನಿಯಲ್ಲಿ ತನ್ನ ಹೆಸರು, ಹಳೆಯ ವಿಳಾಸ ಹೇಳಿದಳು. ಅಜ್ಜ ಫೋನಿಗೆ ಬಾಗಿದರು. ಅವಳು ಕಾರಿನಲ್ಲಿ ಕೂತಲ್ಲೇ ಬಾಗಿದಳು. ಅಷ್ಟಕ್ಕೆ ಮುಗಿಯಲಿಲ್ಲ. ಇಂಡಿಯಾದಲ್ಲಿ ಸೆಕೆಯೇ ಎಂದು ಅವರು, ಅಲ್ಲಿ ಸಕುರ ಹೂ ಅರಳಿತೇ ಎಂದು ಇವಳು. ಅಕ್ಕಿ ಹೊತ್ತ ನಾನು ಇಬ್ಬರ ಮಧ್ಯೆ ಫೋನಿನ ಸ್ಟ್ಯಾಂಡು.

ಕೊನೆಗೆ ಬಿಟ್ಟುಕೊಟ್ಟರು. ಸುಮ್ಮನೆ ಕೊಡಲಿಲ್ಲ, ಟಯರಿಗೆ ಗಾಳಿ ಹೊಡೆದು, ಸೀಟು ಒರೆಸಿ ಕೊಟ್ಟರು. ಮತ್ತೊಂದು ಸುಮಿಮಾಸೆನ್. ನನ್ನ ಬಾಯಿಂದಲೂ ತಾನಾಗಿ ಅದೇ ಬಂತು. ಮಗಳು ನನಗಿಂತ ಚೆನ್ನಾಗಿ ಬಾಗಿದಳು.

ವಾಪಸ್ಸು ಬರುವಾಗ ಎದುರುಗಾಳಿ.

"ಅಮ್ಮ, ಆರ್ ಯು ಆಂಗ್ರಿ?"

"ಹೂಂ."

"ಯಾರ ಮೇಲೆ?"

ಯೋಚಿಸಿದೆ. ಬೆಂಗಳೂರಿನಲ್ಲಾಗಿದ್ದರೆ ಗಾಡಿ ಎತ್ತಿದವನನ್ನು, ಕಾರ್ಪೊರೇಷನ್ನನ್ನು, ಸರ್ಕಾರವನ್ನು ಒಟ್ಟಿಗೆ ಬೈದು ಹಗುರಾಗಬಹುದಿತ್ತು. ಇಲ್ಲಿ ಬೈಯಲು ಒಬ್ಬರೂ ಸಿಗಲಿಲ್ಲ. ಸಿಟ್ಟೆಲ್ಲ ಹಾಗೇ ತುಳಿದುಕೊಂಡು ಮನೆಗೆ ತಂದೆ.

ಗಂಡ ಬಾಗಿಲು ತೆಗೆದು, "ಯಾಕೆ ಇಷ್ಟು ಲೇಟು?" ಎಂದ.

ಪಾಪ, ಸಿಕ್ಕಿಬಿದ್ದ.